ಸ್ವಲ್ಪ ದಾಟಿಸ್ತೀರಾ?

ಅತ್ತೆ ಗಾಲಿಕುರ್ಚಿಯನ್ನು ಮಡಚಲು ನೋಡುತ್ತಿದ್ದರು. ಮೇಷ್ಟ್ರು ಇನ್ನೂ ಅದರಲ್ಲೇ ಕೂತಿದ್ದರು.

"ಅಣ್ಣ, ಸ್ವಲ್ಪ ಏಳು. ಎತ್ತಿ ಕಾರಿನ ಸೀಟಿಗೆ ಕೂರಿಸ್ತಾರೆ. ಇದನ್ನ ಡಿಕ್ಕಿಗೆ ಹಾಕ್ಬೇಕು."

"ಏಳೋಕೆ ಆಗಿದ್ರೆ ಇದರಲ್ಲಿ ಯಾಕೆ ಕೂರ್ತಿದ್ದೆ? ಶೋಕಿಗಾ?"

ಅಂಗಳದಲ್ಲಿ ಯಾರೋ ನಕ್ಕರು. ಸಾವಿನ ಮನೆಯೆಂದು ನೆನಪಾಗಿ, ನಗುವನ್ನು ಕೆಮ್ಮಾಗಿ ಬದಲಿಸಿಕೊಂಡರು.

ಮಗಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಒಳಗೆ, ನಡುಮನೆಯಲ್ಲಿ, ಅವಳ ತಾಯಿಯನ್ನು ಮಲಗಿಸಿದ್ದರು. ಕಾಯಿಲೆ ಎಂದು ಹೇಳಿಕೊಂಡವರಲ್ಲ. ನಿನ್ನೆ ಬೆಳಿಗ್ಗೆ ಏಳಲಿಲ್ಲ, ಅಷ್ಟೆ. ಬಡಾವಣೆಯವರಿಗೆಲ್ಲ ಆಕೆ ಟೈಲರಮ್ಮ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಬಿಚ್ಚಿ ಸರಿಮಾಡಿ ಕೊಡುವುದರಲ್ಲಿ ಎತ್ತಿದ ಕೈ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ಈ ಕಡೆ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರ ಬೈಗುಳ ತಿಂದೇ ಕಲಿತವರು.

"ಸ್ಮಶಾನ ಇರೋದು ದೊಡ್ಡ ರಸ್ತೆಯ ಆಚೆ," ಅತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. ಅಣ್ಣನಿಗಿಂತ ಚಿಕ್ಕವರಾದರೂ ಗದರುವುದರಲ್ಲಿ ಅವರಿಗೇನೂ ಕಡಿಮೆಯಿರಲಿಲ್ಲ. "ವ್ಯಾನಿನ ಹಿಂದೆ ಎಲ್ಲರೂ ನಡ್ಕೊಂಡು ಬರ್ತಾರೆ. ನೀನು ಕಾರಲ್ಲಿ ಬಾ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಹೋಗಿರ್ತೀಯ."

"ಅವಳು ನನ್ನ ಬಿಟ್ಟು ಆ ರಸ್ತೆ ದಾಟಿದವಳಲ್ಲ. ಇವತ್ತೂ ನಾನೇ ದಾಟಿಸ್ತೀನಿ."

"ಅಯ್ಯೋ, ಅವಳು ವ್ಯಾನಲ್ಲಿ ಇರ್ತಾಳೆ ಅಣ್ಣ..."

"ಇರಲಿ. ದಾಟಿಸೋದು ನಾನು."

ಅತ್ತೆ ಮಗಳ ಮುಖ ನೋಡಿದರು: ನೀನಾದರೂ ಹೇಳು. ಅಪ್ಪ ಹೀಗೆ ಹಟ ಮಾಡುತ್ತಾರೆಂದು ಗೊತ್ತಿದ್ದೇ ಮಗಳು ಬೆಳಿಗ್ಗೆ ಎದ್ದವಳೇ ದಾರಿಯುದ್ದಕ್ಕೂ ಒಮ್ಮೆ ನಡೆದು ಬಂದಿದ್ದಳು. ಒಂದು ಕಡೆ ಫುಟ್‌ಪಾತಿನ ಕಲ್ಲು ಅಲುಗುತ್ತಿತ್ತು; ಕಾಲಿನಲ್ಲಿ ಒತ್ತಿ ಒತ್ತಿ ಕೂರಿಸಿದ್ದಳು. ಇನ್ನೊಂದು ಕಡೆ ಯಾರೋ ಅಡ್ಡ ನಿಲ್ಲಿಸಿದ್ದ ಸ್ಕೂಟರನ್ನು, ಬೈಸಿಕೊಳ್ಳುವ ಭಯದಲ್ಲೇ ಪಕ್ಕಕ್ಕೆ ಎಳೆದಿಟ್ಟಿದ್ದಳು.

"ದಾರಿ ಪರವಾಗಿಲ್ಲ ಅತ್ತೆ," ಎಂದಳು. "ಅಪ್ಪ ಹೇಗೆ ಹೇಳ್ತಾರೋ ಹಾಗೆ."

* * *

ಮೇಷ್ಟ್ರಿಗೆ ಗಾಡಿ ಗುದ್ದಿದ್ದು ಅದೇ ದೊಡ್ಡ ರಸ್ತೆಯಲ್ಲಿ. ಆಚೆ ಬದಿಯ ಬಸ್ ಸ್ಟಾಪಿಗೆ ಹೊರಟಿದ್ದರು. ಆಗ ಅಲ್ಲಿ ಪಟ್ಟೆಯೂ ಇರಲಿಲ್ಲ, ಹಂಪೂ ಇರಲಿಲ್ಲ. ಓಡಿದವನು ಬದುಕಿದ, ನಡೆದವನು ಕೆಟ್ಟ ಎನ್ನುವಂಥ ರಸ್ತೆ.

"ಗುದ್ದಿದವನೂ ನನ್ನ ಶಿಷ್ಯನೇ," ಎಂದು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳಿದ್ದರು. "ಬ್ರೇಕ್ ಎಲ್ಲಿದೆ ಅಂತ ಹೇಳ್ಕೊಟ್ಟೆ. ಯಾವಾಗ ಹಾಕ್ಬೇಕು ಅಂತ ಹೇಳ್ಕೊಡೋದು ಮರೆತೆ."

ಆ ತಮಾಷೆ ಮನೆಗೆ ಬರುವವರೆಗೆ ಮಾತ್ರ. ಮನೆಗೆ ಬಂದ ಮೇಲೆ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಸಿಕೊಂಡು ಕೂತರು. ನೋಡಲು ಬಂದ ಶಿಷ್ಯರನ್ನು ಒಳಗೆ ಬಿಡಬೇಡ ಎಂದರು. ಊಟವನ್ನು ಕೇಳಿ ಉಣ್ಣಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮಳೆಗಾಲ ಕಳೆದು ಚಳಿ ಬಂದರೂ ಅವರಿಗೆ ಗೋಡೆಯೇ ಗತಿ.

ಒಂದು ದಿನ ಟೈಲರಮ್ಮ ಖಾಲಿ ಚೀಲ ಹಿಡಿದು ವಾಪಸು ಬಂದರು.

"ಬ್ರೆಡ್ ತರಲಿಲ್ವಾ?" ಗೋಡೆಯನ್ನೇ ನೋಡುತ್ತ ಮೇಷ್ಟ್ರು ಕೇಳಿದರು.

"ಇಲ್ಲ."

"ಬೇಕರಿ ಮುಚ್ಚಿತ್ತಾ?"

"ತೆಗೆದಿತ್ತು. ರಸ್ತೆ ದಾಟೋಕೆ ಭಯ ಆಯ್ತು ರೀ. ಸ್ವಲ್ಪ ದಾಟಿಸ್ತೀರಾ?"

ಮೇಷ್ಟ್ರು ಕುರ್ಚಿ ತಿರುಗಿಸಿದರು. "ನಾನಾ? ಕಾಲಿಲ್ಲದವನನ್ನ ಕೇಳ್ತಿದ್ದೀಯಲ್ಲೇ, ತಲೆ ನೆಟ್ಟಗಿದೆಯಾ?"

"ಕಾಲು ನನ್ನ ಹತ್ರ ಇದೆ. ಗಾಡಿ ನಿಲ್ಲಿಸೋಕೆ ಕೈ ಬೇಕು. ನಾನು ಕೈ ತೋರಿಸಿದ್ರೆ ಯಾರು ನಿಲ್ತಾರೆ? ನಿಮ್ಮ ಕೈ ಅಂದ್ರೆ ಊರಿಗೇ ಹೆದರಿಕೆ."

ಅವತ್ತು ಫುಟ್‌ಪಾತಿನಿಂದ ರಸ್ತೆಗೆ ಇಳಿಯಲು ಇಳಿಜಾರಿರಲಿಲ್ಲ. ಆಚೆಯಿಂದ ಓಡಿಬಂದ ಬೇಕರಿಯವನೂ ದಾರಿಹೋಕರೂ ಸೇರಿ ಮೇಷ್ಟ್ರನ್ನು ಕುರ್ಚಿ ಸಮೇತ ಬೀರು ಇಳಿಸಿದ ಹಾಗೆ ಇಳಿಸಿದರು. ಟೈಲರಮ್ಮ ಹಿಂದೆ ಹಿಡಿ ಹಿಡಿದು ತಳ್ಳಿದರು. ಮೇಷ್ಟ್ರು ಬಲಗೈ ಎತ್ತಿದರು. ಸ್ಕೂಟರಿನವನೊಬ್ಬ ಉರುಳಿಬೀಳುವಂತೆ ನಿಂತು ಬೈದಾಗ, ತಿಂಗಳುಗಟ್ಟಲೆ ಸುಮ್ಮನಿದ್ದ ಗಂಟಲಿನಿಂದ ಮೇಷ್ಟ್ರು ಕೂಗಿದರು: "ಸೆಕೆಂಡ್ ಗೇರಿಗೆ ಇಳಿಸೋ! ದೂರದಿಂದಲೇ ಇಳಿಸೋ!"

ಆ ರಾತ್ರಿ ಅವರು ಬ್ರೆಡ್ಡನ್ನು ಕೇಳಿ ಹಾಕಿಸಿಕೊಂಡು ತಿಂದರು. ಮರುದಿನದಿಂದ ಇಬ್ಬರೂ ತಪ್ಪದೆ ಹೊರಟರು: ಆಕೆಯ ಕಾಲು, ಅವರ ಕೈ. ಆ ಕುರ್ಚಿಯ ಹಿಡಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ, ಮಗಳೂ ಸಹ.

* * *

ವ್ಯಾನು ಬರುವುದು ತಡವಾಯಿತು. ಅಂಗಳದಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕೂತವರಿಗೆ ಮಗಳು ಟೀ ಕೊಡುತ್ತ ಬಂದಳು. ಸುಮ್ಮನೆ ಕೂರಲಾರದ ಜನ ಸತ್ತವರ ಗುಣ ಎಣಿಸತೊಡಗಿದರು.

"ಎಂಥ ಧೈರ್ಯದ ಹೆಂಗಸು," ಎಂದ ಬೇಕರಿಯವನು. "ರಸ್ತೆ ಅಂದ್ರೆ ಮಾತ್ರ ಪುಕ್ಕಲು. ನಂಗೆ ಮಂಡಿ ಆಪರೇಷನ್ ಆಗಿತ್ತಲ್ಲ? ನಾನೇ ಹೊರಗೆ ಕಾಲಿಡೋಕೆ ಹೆದರ್ಕೊಂಡು ಅಂಗಡಿಯೊಳಗೇ ಮಲಗ್ತಿದ್ದೆ. ಆಗ್ಲೂ ಬಿಡ್ಲಿಲ್ಲ. ಸಂಜೆ ಬಂದು, 'ಅಪ್ಪಾ, ಸ್ವಲ್ಪ ದಾಟಿಸ್ತೀಯಾ?' ಅನ್ನೋರು. ಕೋಲು ಊರ್ಕೊಂಡು ನಾನೇ ದಾಟಿಸ್ತಿದ್ದೆ. ದಾಟಿದ ಮೇಲೆ, ಹೆಂಗೂ ಮನೆ ದಾರಿ ಬಂತಲ್ಲ ಅಂತ ಮನೆಗೆ ಹೋಗ್ತಿದ್ದೆ."

ಮಗಳು ಟೀ ಕೊಡುವುದನ್ನು ನಿಲ್ಲಿಸಿದಳು. ಅವಳು ಜಗಲಿಯ ಕಡೆ ನೋಡಿದಳು. ಅಪ್ಪ ಅಲ್ಲೇ ಇದ್ದರು. ಕಿವಿ ಇತ್ತ ಇತ್ತು.

"ನೀವೆಲ್ಲಿ ದಾಟಿಸಿದ್ರಿ ಬಿಡಿ," ಬಸ್ಸಿನ ಡ್ರೈವರ್ ಖಾಕಿ ಅಂಗಿಯ ತೋಳು ಮಡಚುತ್ತ ಹೇಳಿದ. ಡ್ಯೂಟಿ ಮುಗಿಸಿ ನೇರ ಬಂದಿದ್ದ. "ನಾನು ಬಸ್ ನಿಲ್ಲಿಸಿ, ಇಳಿದು, ದಾಟಿಸ್ತಿದ್ದೆ. ಒಳಗೆ ಜನ ಬೈಯೋರು. ಕೆಳಗೆ ನಿಂತು ನೋಡಿದ ಮೇಲೇನೇ ನನ್ನ ಬಸ್ಸು ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು. ಆಮೇಲೆ ಆ ಜಾಗದಲ್ಲಿ ನಾನು ಜೋರಾಗಿ ಬಂದಿದ್ರೆ ಕೇಳಿ."

"ಅಪರೂಪಕ್ಕೊಂದ್ಸಲ ದಾಟಿಸಿ ಬಹುಮಾನ ಕೇಳ್ತಿದ್ದೀಯಲ್ಲಯ್ಯ!" ಎಂದ ಬೇಕರಿಯವನು.

"ಸುಮ್ನಿರ್ರೋ ಇಬ್ಬರೂ." ಪಕ್ಕದ ಮನೆಯ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಾತಾಡಿದರು, ಮಾತು ಬಂದ ದಿಕ್ಕನ್ನು ಅವರು ಕೊಂಚ ತಪ್ಪಾಗಿ ಹಿಡಿದಿದ್ದರು. "ನಾನು ದಾಟಿಸಿದಷ್ಟು ನೀವ್ಯಾರೂ ದಾಟಿಸಿಲ್ಲ."

"ಅಜ್ಜಿ, ನಿಮಗೆ ಕಣ್ಣೇ ಕಾಣಲ್ಲವಲ್ಲ!" ಎಂದ ಡ್ರೈವರ್.

"ಕಣ್ಣು ಕಾಣದಿದ್ರೆ ಏನಾಯ್ತು, ಕೈ ಗಟ್ಟಿ ಇಲ್ವಾ? ಪಾಪ, ಹುಡುಗಿ ನಡುಗೋಳು. 'ನಾನಿದ್ದೀನಿ ನಡಿಯೇ' ಅಂತ ಕರ್ಕೊಂಡು ಹೋಗ್ತಿದ್ದೆ."

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಒಬ್ಬೊಬ್ಬರ ಮುಖದಲ್ಲೂ ಒಂದು ಯೋಚನೆ ಹಾದುಹೋಯಿತು. ಬೇಕರಿಯವನು ತನ್ನ ಮಂಡಿ ನೋಡಿಕೊಂಡ.

"ಟೀ ಆರ್ತಿದೆ, ಕುಡೀರಿ," ಎಂದು ಮಗಳು ಮಾತು ತಿರುಗಿಸಲು ನೋಡಿದಳು. ಅಷ್ಟರಲ್ಲಿ ಗೇಟಿನ ಬಳಿ ಚಪ್ಪಲಿ ಬಿಡುತ್ತಿದ್ದ ರಸ್ತೆ ಇಲಾಖೆಯ ಇಂಜಿನಿಯರ್ ಆ ಮಾತನ್ನು ಎತ್ತಿಕೊಂಡುಬಿಟ್ಟರು.

"ನನ್ನನ್ನೂ ಬಿಡಲಿಲ್ಲ ಆಕೆ," ಎಂದರು. "ಜೀಬ್ರಾ ಪಟ್ಟೆ ಹಾಕಿ, ಫುಟ್‌ಪಾತಿಗೆ ಇಳಿಜಾರು ಮಾಡಿ ಅಂತ ಕೇಳೋಕೆ ಆಫೀಸಿಗೆ ಬಂದಿದ್ರು. ನೋಡೋಣ ಅಂದೆ. 'ಸರಿ ಸಾರ್. ಮನೆಗೆ ಹೋಗೋಕೆ ಭಯ, ಸ್ವಲ್ಪ ದಾಟಿಸ್ತೀರಾ?' ಅಂದ್ರು. ಹೆಣ್ಣುಮಗಳು ಕೇಳ್ತಿದ್ದಾರೆ ಅಂತ ಬಸ್ಸಲ್ಲಿ ಜೊತೆಗೆ ಬಂದೆ. ಕೈ ಹಿಡಿದ್ರು. ಕಾಲು ಇಡ್ತೀನಿ, ಲಾರಿ ಬರುತ್ತೆ, ಹಿಂದೆ ಬರ್ತೀನಿ. ಮತ್ತೆ ಇಡ್ತೀನಿ, ಬಸ್ ಬರುತ್ತೆ. ಬೆವತುಹೋದೆ. 'ಪರವಾಗಿಲ್ಲ ಸಾರ್, ನಿಧಾನ' ಅಂತ ನಂಗೇ ಸಮಾಧಾನ ಮಾಡಿದ್ರು. ವಾಪಸು ಹೋದವನೇ ಮೊದಲು ಆ ಪಟ್ಟೆ, ಇಳಿಜಾರು ಎರಡೂ ಮಾಡಿಸಿದೆ. ಸಿಗ್ನಲ್ ಮಾತ್ರ ಇನ್ನೂ ಮಂಜೂರಾಗಿಲ್ಲ."

ಜಗಲಿಯಲ್ಲಿ ಗಾಲಿಯ ಬ್ರೇಕು ಬಿಚ್ಚಿದ ಸದ್ದು ಕೇಳಿಸಿತು. ಮೇಷ್ಟ್ರು ಕುರ್ಚಿ ತಿರುಗಿಸಿದ್ದರು.

"ಒಳ್ಳೇದಾಯ್ತು," ಎಂದರು. "ದಾಟಿಸುವವರು ಇಷ್ಟೊಂದು ಜನ ಇದ್ದೀರಲ್ಲ. ಇವತ್ತೂ ನೀವೇ ಕರ್ಕೊಂಡು ಹೋಗಿ. ನಾನು ಬರಲ್ಲ."

* * *

ಹೊಲಿಗೆ ಕೋಣೆಯಲ್ಲಿ ಮೆಷಿನ್ನಿನ ಸೂಜಿಯ ಕೆಳಗೆ ಯಾರದೋ ಪ್ಯಾಂಟಿನ ಕಾಲು ಸಿಕ್ಕಿಕೊಂಡೇ ಇತ್ತು. ಮೇಷ್ಟ್ರು ಗೋಡೆಗೆ ಮುಖ ಮಾಡಿದ್ದರು. ಮಗಳು ಬಾಗಿಲು ಮುಂದೆ ಮಾಡಿ ನೆಲದ ಮೇಲೆ, ಬಟ್ಟೆಯ ತುಂಡುಗಳ ನಡುವೆ ಕೂತಳು.

"ಅಪ್ಪ, ವ್ಯಾನ್ ಬಂತು."

"ಹೋಗಿ ಬನ್ನಿ."

"ಹೀಗಂದ್ರೆ ಹೇಗಪ್ಪ?"

"ಇಂಜಿನಿಯರ್ ಸಾಹೇಬ್ರ ಕೈ ಹಿಡಿದಿದ್ಲಂತೆ," ಎಂದರು ಮೇಷ್ಟ್ರು. ಆಮೇಲೆ ದನಿ ಇಳಿಯಿತು. "ನಂಗೆ ಗೊತ್ತಿತ್ತು ಕಣೇ, ಅವಳಿಗೆ ಭಯ ಇಲ್ಲ ಅಂತ. ಮೊದಲನೇ ದಿನವೇ ಗೊತ್ತಿತ್ತು. ನನ್ನನ್ನ ಈ ಗೋಡೆಯಿಂದ ಎಬ್ಬಿಸೋಕೆ ಆಡಿದ ನಾಟಕ. ಆಡಲಿ ಅಂತ ನಾನೂ ಆಡ್ದೆ. ಗಂಡನಿಗೋಸ್ಕರ ಒಬ್ಬಳು ಇಷ್ಟು ವರ್ಷ ಬೇಜಾರಿಲ್ಲದೆ ನಾಟಕ ಆಡ್ತಾಳಲ್ಲ, ನನ್ನಂಥ ಅದೃಷ್ಟವಂತ ಇಲ್ಲ ಅಂದ್ಕೊಂಡಿದ್ದೆ." ಗೋಡೆಯ ಸುಣ್ಣವನ್ನು ಉಗುರಿನಲ್ಲಿ ಕೆರೆದರು. "ಈಗ ನೋಡಿದ್ರೆ ಊರಿಗೆಲ್ಲ ಅದೇ ನಾಟಕ. ಮಂಡಿ ನೋವಿನವನಿಗೊಂದು, ಕಣ್ಣು ಕಾಣದವಳಿಗೊಂದು, ಕಾಲಿಲ್ಲದವನಿಗೊಂದು. ಅಳೋ ಮಗು ಕೈಗೆ ಗಿಲಕಿ ಕೊಟ್ಟ ಹಾಗೆ."

ಮಗಳು ಒಂದು ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡಳು. ಹೇಳಬಾರದೆಂದು ಮಾತು ಕೊಟ್ಟಿದ್ದಳು. ಮಾತು ತೆಗೆದುಕೊಂಡವರು ನಡುಮನೆಯಲ್ಲಿ ಮಲಗಿದ್ದರು. ಯಾವ ಮಾತು ಯಾರನ್ನು ನೋಯಿಸುತ್ತದೆಂದು ಅಳೆದು ತೂಗಿ ಆಡುವುದೇ ಅವಳ ಸ್ವಭಾವ. ಇವತ್ತು ತಕ್ಕಡಿಯೇ ನಿಲ್ಲುತ್ತಿರಲಿಲ್ಲ.

"ನಾಟಕ ಅಲ್ಲಪ್ಪ," ಎಂದಳು. "ನಾನು ನೋಡಿದ್ದೀನಿ."

* * *

ಮಗಳು ಹೇಳದೆ ಕೇಳದೆ ಊರಿಗೆ ಬಂದಿದ್ದ ಒಂದು ಮಧ್ಯಾಹ್ನ. ಬಸ್ಸು ಸ್ಟಾಪಿನ ಹತ್ತಿರ ನಿಧಾನವಾದಾಗ ಕಿಟಕಿಯಿಂದ ಅಮ್ಮ ಕಂಡಿದ್ದರು. ಪಕ್ಕದ ಮನೆಯ ಅಜ್ಜಿಯ ಕೈ ಹಿಡಿದು ಪಟ್ಟೆಯ ಮೇಲೆ ಬರುತ್ತಿದ್ದರು. ಅಜ್ಜಿ ಏನೋ ಹೇಳುತ್ತಿದ್ದರು, ಅಮ್ಮ ತಲೆಯೆತ್ತಿ ನಗುತ್ತಿದ್ದರು. ನಗುತ್ತಲೇ ಇನ್ನೊಂದು ಕೈ ಎತ್ತಿ ಲಾರಿಯೊಂದನ್ನು ನಿಲ್ಲಿಸಿದರು. ಭಯದ ಸುಳಿವೂ ಇರಲಿಲ್ಲ. ಮಗಳು ಬಸ್ಸಿನಲ್ಲಿ ಕೂತೇ ನಕ್ಕಳು: ಕಳ್ಳಿ ಸಿಕ್ಕಿಬಿದ್ದಳು.

ಅವಳು ಬಸ್ಸಿಳಿದು ಸ್ಟಾಪಿನ ಹಿಂದೆ ನಿಂತು ನೋಡಿದಳು. ಅಜ್ಜಿಯನ್ನು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿ ಅಮ್ಮ ಒಬ್ಬರೇ ರಸ್ತೆಯಂಚಿಗೆ ವಾಪಸು ಬಂದರು. ಒಂದು ಕಾಲು ಮುಂದಿಟ್ಟರು. ಹಿಂದಕ್ಕೆ ತೆಗೆದುಕೊಂಡರು. ಕಾರೊಂದು ನಿಂತು ದಾರಿ ಬಿಟ್ಟಿತು, ಅಮ್ಮ ಹೋಗಲಿಲ್ಲ. ಆಮೇಲೆ ರಸ್ತೆ ಪೂರ್ತಿ ಖಾಲಿಯಾಯಿತು, ಎರಡೂ ಕಡೆ ಒಂದು ಸೈಕಲ್ಲೂ ಇಲ್ಲದಷ್ಟು ಖಾಲಿ. ಆಗಲೂ ಹೋಗಲಿಲ್ಲ. ಬಸ್ ಸ್ಟಾಪಿನ ಕಂಬ ಹಿಡಿದು ನಿಂತರು. ಇನ್ನೊಂದು ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಗಾಳಿಯಿಲ್ಲದೆಯೂ ಸದ್ದು ಮಾಡುತ್ತಿತ್ತು.

ಮಗಳು ಹತ್ತಿರ ಹೋಗಿ ಹೆಗಲು ಮುಟ್ಟಿದಳು. ಅಮ್ಮ ಬೆಚ್ಚಿದರು. ಕಣ್ಣು ಇನ್ನೂ ರಸ್ತೆಯ ನಡುವೆ, ಅಪ್ಪ ಬಿದ್ದಿದ್ದ ಜಾಗದಲ್ಲಿತ್ತು. ಗಾಡಿ ಗುದ್ದಿದ ದಿನ ಅಮ್ಮನೂ ಇದೇ ಕಂಬದ ಹತ್ತಿರ ಗಂಡನಿಗಾಗಿ ಕಾಯುತ್ತ ನಿಂತಿದ್ದರು.

"ಬಂದ್ಯಾ? ಬಾ, ದಾಟಿಸು."

ಕೈ ತಣ್ಣಗಿತ್ತು. ಮಗಳು ಆ ಕೈಯನ್ನು ಹಿಡಿದ ಮೇಲೆ, ಪಟ್ಟೆಯ ಮೇಲೆ ಅಮ್ಮನೇ ಮುಂದೆ ನಡೆದರು.

"ಅಪ್ಪನಿಗೆ ಹೇಳಬೇಡ," ಈಚೆ ಬಂದ ಮೇಲೆ ಅಂದರು. "ನಾನು ನಾಟಕ ಆಡ್ತೀನಿ ಅಂದ್ಕೊಂಡಿದ್ದಾರೆ. ಅದೇ ಖುಷಿಯಲ್ಲಿ ಹೊರಗೆ ಬರ್ತಾರೆ. ನಿಜ ಅಂತ ಗೊತ್ತಾದ್ರೆ ತನ್ನಿಂದಲೇ ಹೀಗಾಯ್ತು ಅಂತ ಕೊರಗ್ತಾರೆ. ಇನ್ನೊಬ್ಬರ ಕೈ ಒಂದು ಕೈಯಲ್ಲಿದ್ರೆ ನಂಗೆ ಏನೂ ಆಗಲ್ಲ. ಒಬ್ಬಳೇ ಮಾತ್ರ ಆಗಲ್ಲ, ಅಷ್ಟೆ."

* * *

ಹೊರಗೆ ವ್ಯಾನಿನ ಬಾಗಿಲು ತೆಗೆದ ಸದ್ದಾಯಿತು. ಅತ್ತೆ ಯಾರಿಗೋ ನಿಧಾನ, ನಿಧಾನ ಎಂದು ಹೇಳುತ್ತಿದ್ದರು.

"ಒಬ್ಬಳೇ ಇದ್ದಾಗ ಏನು ಮಾಡ್ತಿದ್ಲು?" ಮೇಷ್ಟ್ರು ಕೇಳಿದರು.

"ನಿಂತಿರ್ತಿದ್ರು. ಯಾರಾದ್ರೂ ಬರೋವರೆಗೆ. ಬಂದವರನ್ನ ಕೇಳೋರು."

"ಬಿಸಿಲಲ್ಲೂ?"

"ಹೂಂ."

"ಯಾರೂ ಬರದಿದ್ರೆ?"

ಮಗಳು ಬೆರಳಿಗೆ ಸುತ್ತಿದ್ದ ಬಟ್ಟೆಯ ತುಂಡನ್ನು ಬಿಚ್ಚಿದಳು. ಅವಳಿಗೂ ಗೊತ್ತಿರಲಿಲ್ಲ.

"ನಂಗೆ ಜ್ವರ ಬಂದಾಗೆಲ್ಲ ಬ್ರೆಡ್ ತರೋಕೆ ಹೋದವಳು ಎಷ್ಟೋ ಹೊತ್ತಿಗೆ ಬರ್ತಿದ್ಲು," ಎಂದರು ಮೇಷ್ಟ್ರು. "ಯಾರ ಜೊತೆ ಹರಟೆ ಹೊಡೀತಿದ್ದೆ ಅಂತ ಬೈತಿದ್ದೆ."

ಅವರು ಕೈಯಿಂದ ಮುಖವನ್ನು ಗಟ್ಟಿಯಾಗಿ ಒರೆಸಿಕೊಂಡರು. ಕುರ್ಚಿ ತಿರುಗಿತು.

"ವ್ಯಾನಿನವನಿಗೆ ಹೇಳು. ರಸ್ತೆ ಹತ್ರ ನಿಲ್ಲಿಸಲಿ. ನಾನು ಬರೋವರೆಗೂ ದಾಟಬಾರದು."

* * *

ಮೆರವಣಿಗೆ ಚಿಕ್ಕದು. ಮುಂದೆ ವ್ಯಾನು, ಹಿಂದೆ ನಡೆಯುವವರು. ಮೇಷ್ಟ್ರು ಗಾಲಿಗಳನ್ನು ತಾವೇ ನೂಕಿಕೊಂಡು ಫುಟ್‌ಪಾತಿನ ಮೇಲೆ ಬಂದರು. ಮಗಳು ಒಂದು ಹೆಜ್ಜೆ ಹಿಂದೆ, ಮುಟ್ಟದೆ, ಎಲ್ಲ ಕಲ್ಲುಗಳ ಮೇಲೂ ಕಣ್ಣಿಟ್ಟು ನಡೆದಳು. ಅತ್ತೆ ಕಾರನ್ನು ಮರೆತು ಎಲ್ಲರ ಜೊತೆ ನಡೆಯುತ್ತಿದ್ದರು.

ದೊಡ್ಡ ರಸ್ತೆಯಲ್ಲಿ ಶಾಲೆ ಬಿಡುವ ಹೊತ್ತಿನ ಗದ್ದಲ. ವ್ಯಾನು ಅಂಚಿನಲ್ಲಿ ಕಾಯುತ್ತಿತ್ತು. ಬಸ್ ಡ್ರೈವರ್ ಮುಂದೆ ಹೋಗಿ ನಿಂತಿದ್ದ. ಬೇಕರಿಯವನೂ ಇಂಜಿನಿಯರ್ರೂ ಅವನ ಪಕ್ಕಕ್ಕೆ ಸೇರಿಕೊಂಡರು.

"ಎಲ್ಲರೂ ಈ ಕಡೆ ಬನ್ನಿ," ಎಂದರು ಮೇಷ್ಟ್ರು.

"ಮೇಷ್ಟ್ರೇ, ನೀವೊಬ್ಬರೇ ಹೇಗೆ..." ಬೇಕರಿಯವನು ಶುರು ಮಾಡಿದ.

"ಈ ಕಡೆ ಬಾರಯ್ಯ. ನಿನ್ನ ಮಂಡಿ ನೋಡ್ಕೋ."

ಅವರು ಇಳಿಜಾರಿನಲ್ಲಿ ಇಳಿದು ಪಟ್ಟೆಯ ಮೇಲೆ ಹೋದರು. ಒಂದು ಕಾರು ಹಾರ್ನ್ ಮಾಡಿ ಪಕ್ಕದಲ್ಲೇ ನುಸುಳಿತು. ರಸ್ತೆಯ ನಟ್ಟನಡುವೆ ಅವರು ಬ್ರೇಕ್ ಹಾಕಿ, ಬಲಗೈ ಎತ್ತಿದರು.

ಮೊದಲು ಒಂದು ಬೈಕು ನಿಂತಿತು. ಅದರ ಹಿಂದೆ ಕಾರು. ಆ ಕಡೆಯಿಂದ ಬಂದ ಸಿಟಿ ಬಸ್ಸು ಉಸಿರು ಬಿಟ್ಟು ನಿಂತಿತು. ಅದರ ಡ್ರೈವರ್ ವ್ಯಾನನ್ನು ನೋಡಿ ಇಂಜಿನ್ ಆಫ್ ಮಾಡಿದ. ಒಂದಾದ ಮೇಲೊಂದು ಇಂಜಿನ್‌ಗಳು ನಿಂತವು. ಆ ರಸ್ತೆಯಲ್ಲಿ ಹಕ್ಕಿಯ ಸದ್ದು ಕೇಳಿಸಿದ್ದು ಮಗಳಿಗೆ ಅದೇ ಮೊದಲು.

ವ್ಯಾನು ಮೇಷ್ಟ್ರ ಮುಂದೆ ನಿಧಾನವಾಗಿ ಹಾದುಹೋಯಿತು. ಅವರು ಅದರ ಗಾಜಿನ ಕಡೆ ನೋಡಿ ಏನೋ ಅಂದರು, ಯಾರಿಗೂ ಕೇಳಿಸಲಿಲ್ಲ. ಅದರ ಹಿಂದೆ ಅಜ್ಜಿ, ಅತ್ತೆಯ ಕೈ ಹಿಡಿದು. ಅವರ ಹಿಂದೆ ಉಳಿದವರು. ಎಲ್ಲರೂ ಆಚೆ ಮುಟ್ಟಿದರು.

ಮೇಷ್ಟ್ರು ಕೈ ಇಳಿಸಲಿಲ್ಲ.

ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಎಷ್ಟೋ ಹೊತ್ತಿನಿಂದ ಕಾಯುತ್ತಿದ್ದ ಒಬ್ಬ ತಾಯಿ ಅವರ ಮುಖ ನೋಡಿದಳು. ಅವರು ತಲೆಯಾಡಿಸಿದರು. ಅವಳು ದಾಟಿದಳು. ನೀರಿನ ಕ್ಯಾನುಗಳ ಗಾಡಿಯವನು ದಾಟಿದ. ಶಾಲೆಯ ಮಕ್ಕಳು ಸಾಲಾಗಿ, ಆಮೇಲೆ ಸಾಲು ತಪ್ಪಿ, ಓಡಿ ದಾಟಿದರು.

"ಅಣ್ಣ, ಸಾಕು ಬಾ!" ಆಚೆಯಿಂದ ಅತ್ತೆ ಕೂಗಿದರು.

ಮೇಷ್ಟ್ರು ಅತ್ತ ತಿರುಗಲಿಲ್ಲ. ಫುಟ್‌ಪಾತಿನ ತುದಿಯಲ್ಲಿ, ಬಹಳ ದೂರದಲ್ಲಿ, ವಾಕರ್ ಹಿಡಿದ ಹೆಂಗಸೊಬ್ಬರು ಬರುತ್ತಿದ್ದರು. ಅದನ್ನು ಎತ್ತಿಡುವರು, ನಿಲ್ಲುವರು, ಮತ್ತೆ ಎತ್ತಿಡುವರು. ದಾಟಬೇಕಾದವರೋ ನೇರ ಹೋಗುವವರೋ ಹೇಳಲಾಗುತ್ತಿರಲಿಲ್ಲ. ಮೇಷ್ಟ್ರು ಅವರನ್ನೇ ನೋಡುತ್ತ ಕೂತರು. ಎತ್ತಿದ ತೋಳು ನಡುಗತೊಡಗಿದಾಗ, ಎಡಗೈಯಿಂದ ಅದರ ಮೊಣಕೈಯನ್ನು ಕೆಳಗಿನಿಂದ ಆನಿಸಿ ಹಿಡಿದುಕೊಂಡರು.